ಹೂವಯ್ಯ ಡಾಕ್ಟ್ರ ಕುಲಬಾಂಧವರು

ಹೂ ತೇ ಮಿಂಗ್ ಎಂಬ ಚೀನಾದ ಹಲ್ಲಿನ ಡಾಕ್ಟರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಬರೆದಿದ್ದರು. ೧೯೫೬ರ ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅದು ತಂತಿಯ ರೂಪದಲ್ಲಿ ಅವರ ಬಾಗಿಲಿಗೇ ಬಂದು ನಿಂತಿತು.

ತಂತಿ ಮಂಗಳೂರಿನದು. ‘ಮಧ್ಯಾಹ್ನದ ಬಸ್ಸಿಗೆ ಪುತ್ತೂರಿಗೆ ಬರುತ್ತೇನೆ. ನಮ್ಮವರನ್ನೆಲ್ಲ ನೋಡಬೇಕು. ನಮ್ಮ ಊಟ ಉಣ್ಣಬೇಕು. ಚೆನ್.’

ಡಾಕ್ಟರು ಅದನ್ನು ಎರಡು ಸಲ ಓದಿದರು. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ ಮರ್ಕಂಜದ ಕುಕ್ಕಪ್ಪ ಗೌಡರಿಗೆ ಡಾಕ್ಟರ ಇನ್ನೊಂದು ಕೈಯಲ್ಲಿದ್ದ ಇಕ್ಕಳ ಗಾಳಿಯಲ್ಲಿ ಅಲ್ಲಾಡುವುದು ಕಾಣಿಸಿ, ತೆರೆದ ಬಾಯಿ ತಾನಾಗಿ ಮುಚ್ಚಿತು.

ಪುತ್ತೂರಿಗೆ ಡಾಕ್ಟರು ಬಂದು ಆರು ವರ್ಷವಾಗಿತ್ತು. ಪೋಕರ್ ಬ್ಯಾರಿಯ ಚಾ ಹೋಟೆಲಿನ ಮಹಡಿಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ‘ಡಾ. ಹೂ’ ಎಂದು ಬೋರ್ಡು ಹಾಕಿದ ದಿನವೇ ಊರಿನವರು ಅದನ್ನು ತಿದ್ದಿದರು. ಮನುಷ್ಯನಾದವನಿಗೆ ಬರೀ ಹೂ ಎಂಬ ಹೆಸರು ಇರುವುದುಂಟೇ? ಬರೆಯುವವನು ಅರ್ಧಕ್ಕೆ ಬಿಟ್ಟದ್ದಿರಬೇಕು ಎಂದು ತೀರ್ಮಾನಿಸಿ ಹೂವಯ್ಯ ಡಾಕ್ಟ್ರು ಎಂದು ಕರೆದರು. ಸುಳ್ಯದ ಕಡೆಯ ಗೌಡರ ಮನೆಗಳಲ್ಲಿ ಹೂವಯ್ಯ ಇಲ್ಲದ ಮನೆ ಕಡಿಮೆ. ಹಾಗಾಗಿ ಅವರೆಲ್ಲ ಇವರು ನಮ್ಮವರೇ ಎಂಬ ಸಲಿಗೆಯಿಂದ ಹಲ್ಲು ಕೀಳಿಸಿಕೊಂಡು ಹೋಗುತ್ತಿದ್ದರು.

ಊರು ಒಳ್ಳೆಯದೇ. ಆದರೆ ತನ್ನ ಮಾತಿನಲ್ಲಿ ‘ಉಂಡೆಯಾ’ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಪ್ರತಿ ಹೊಸ ವರ್ಷಕ್ಕೂ ಡಾಕ್ಟರು ಬಾಗಿಲು ಹಾಕಿಕೊಂಡು, ಅನ್ನಕ್ಕೆ ಮೊಟ್ಟೆ ಹುರಿದು, ಒಬ್ಬರೇ ಉಂಡು ಮಲಗುತ್ತಿದ್ದರು. ಹೀಗಿರುವಾಗ ಕಲ್ಕತ್ತೆಯಿಂದ ಒಂದು ಸಂಬಂಧದ ಕಾಗದ ಬಂತು. ಹುಡುಗಿ ಸಿಯು ಲಾನ್. ಜೊತೆಗೆ ಒಂದು ಫೋಟೋ. ಫೋಟೋ ನೋಡಿದ ಮೇಲೆ ಮೂವತ್ತನಾಲ್ಕು ವಯಸ್ಸಿನ ಡಾಕ್ಟರು ಎರಡು ದಿನ ತಪ್ಪು ಹಲ್ಲಿಗೆ ಇಕ್ಕಳ ಹಾಕಿದ್ದರು. ಹುಡುಗಿಯ ಸೋದರಮಾವ ಚೆನ್ ಎರಡೇ ಪ್ರಶ್ನೆ ಕೇಳಿದ್ದರು. ಆ ಊರಿನಲ್ಲಿ ನಮ್ಮವರು ಇದ್ದಾರೆಯೆ? ನಮ್ಮ ಊಟ ಸಿಗುತ್ತದೆಯೆ? ಇಲ್ಲ ಎಂದರೆ ಯಾರು ಹೆಣ್ಣು ಕೊಡುತ್ತಾರೆ? ಕಲ್ಕತ್ತೆಯಿಂದ ಪುತ್ತೂರಿಗೆ ಬಂದು ನೋಡುವವರಾದರೂ ಯಾರು? ಡಾಕ್ಟರು ಧೈರ್ಯ ಮಾಡಿ ಬರೆದರು: ‘ನಮ್ಮ ಹೂ ಮನೆತನದವರೇ ಹತ್ತು ಮನೆ ಇದ್ದಾರೆ. ದಿನವೂ ನಮ್ಮದೇ ಊಟ.’

ಈಗ ಬಂದು ನೋಡುವವರು ಮಂಗಳೂರಿನವರೆಗೆ ಬಂದಿದ್ದರು.

“ಎಂತ ಡಾಕ್ಟ್ರೇ, ಯಾರಾದ್ರೂ ತೀರಿಕೊಂಡದ್ದಾ?” ಎಂದು ಕುಕ್ಕಪ್ಪ ಗೌಡರು ಕೇಳಿದರು.

“ಇನ್ನೂ ಇಲ್ಲ. ಮಧ್ಯಾಹ್ನಕ್ಕೆ ನಾನು ತೀರಿಕೊಳ್ಳುದು,” ಎಂದು ಡಾಕ್ಟರು ಇದ್ದ ವಿಷಯ ಹೇಳಿಬಿಟ್ಟರು.

ಗೌಡರು ಕುರ್ಚಿಯಿಂದ ಎದ್ದು, ಮಹಡಿಯ ಮೆಟ್ಟಿಲಿನ ತುದಿಗೆ ಹೋಗಿ, “ಬ್ಯಾರಿಗಳೇ! ಡಾಕ್ಟ್ರಿಗೆ ಮದುವೆ!” ಎಂದು ಕೂಗಿದರು. ಗುಟ್ಟು ಇಷ್ಟರಲ್ಲೇ ಮುಗಿಯಿತು. ಎರಡು ನಿಮಿಷದೊಳಗೆ ಪೋಕರ್ ಬ್ಯಾರಿ, ಅವನ ಹೆಂಡತಿ ಮೈಮೂನಮ್ಮ ಮತ್ತು ಕಟ್ಟಡದ ಯಜಮಾನಿ ನೀಲಾವತಿಯಮ್ಮ ಡಾಕ್ಟರ ಕೋಣೆಯಲ್ಲಿದ್ದರು.

“ಊಟದ ಚಿಂತೆ ನನಗೆ ಬಿಡಿ,” ಎಂದ ಪೋಕರ್ ಬ್ಯಾರಿ. “ನಾನು ರಂಗೂನಿನಲ್ಲಿ ಎಂಟು ವರ್ಷ ಇದ್ದವ. ಚೀನಾದವರ ಗಲ್ಲಿಯಲ್ಲೇ ನನ್ನ ರೂಮು.”

ಡಾಕ್ಟರಿಗೆ ಜೀವ ಬಂತು. “ಅಲ್ಲಿ ಎಂತೆಲ್ಲ ತಿಂದಿದ್ದೀರಿ?”

“ತಿಂದಿಲ್ಲಪ್ಪ. ಹಂದಿ ಹಾಕಿದ್ದರೆ? ಕಿಟಕಿಯಿಂದ ನೋಡಿದ್ದೇನೆ. ನೂಲಿನ ಹಾಗೆ ಉದ್ದುದ್ದ ಸೇಮಿಗೆ, ಬಟ್ಟಲಿನ ನೀರಲ್ಲಿ ಈಜುದು.”

“ಸೇಮಿಗೆಯಾ? ಅಷ್ಟೇಯಾ?” ಮೈಮೂನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಒಂದು ಗಂಟೆಯಲ್ಲಿ ಒತ್ತಿ ಕೊಡ್ತೇನೆ. ಕೋಳಿ ಸಾರಿಗೆ ಹಾಕಿದರೆ ಆಯ್ತು.”

“ಸಾರಿಗೆ ಮೆಣಸು ಬೇಡ ಅಕ್ಕ. ತೆಂಗಿನಕಾಯಿಯೂ ಬೇಡ.”

“ಮೆಣಸಿಲ್ಲ, ಕಾಯಿಯಿಲ್ಲ! ಬರುವವರಿಗೆ ಹುಷಾರಿಲ್ವಾ?”

ನೀಲಾವತಿಯಮ್ಮ ಇಷ್ಟು ಹೊತ್ತು ಸುಮ್ಮನಿದ್ದದ್ದು ಅಪರೂಪ. ಅವರು ಹೇಳಿದರು: “ಚೀನಾದವರ ಊಟ ಅಂತ ಹೇಳಿ ಚೀನಿಕಾಯಿ ಇಲ್ಲದಿದ್ದರೆ ಹೇಗೆ? ನಾನು ಒಂದು ಪಲ್ಯ ಮಾಡ್ತೇನೆ.”

“ಅಮ್ಮ, ನಮ್ಮಲ್ಲಿ ಅದಕ್ಕೆ ಚೀನಿಕಾಯಿ ಅಂತ ಹೇಳುದಿಲ್ಲ. ಅದು ನಿಮ್ಮ ಊರಿನ ಕುಂಬಳಕಾಯಿ.”

“ನೀವು ಸಣ್ಣ ಪ್ರಾಯದಲ್ಲಿ ಊರು ಬಿಟ್ಟವರು, ನಿಮಗೆ ಮರೆತಿರಬೇಕು,” ಎಂದು ನೀಲಾವತಿಯಮ್ಮ ಸಮಾಧಾನ ಮಾಡಿದರು. “ನನ್ನ ಹತ್ತಿರ ಚೀನಿ ಭರಣಿಯೂ ಉಂಟು. ಅದನ್ನೂ ಎದುರಿಗೆ ಇಡುವ. ಒಳಗೆ ಮಾತ್ರ ಮಳೆಗಾಲದಲ್ಲಿ ಉಪ್ಪಿಗೆ ಹಾಕಿದ ನಮ್ಮ ಊರಿನ ಕಣಿಲೆ ಉಂಟು, ಅದಕ್ಕೆ ನೀವು ಬೇಸರ ಮಾಡಬೇಡಿ.”

ಬೇಸರ ಮಾಡಲು ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಊಟ ಹೇಗೋ ಆಯಿತು, ಹತ್ತು ಮನೆ ಚೀನೀಯರನ್ನು ಎಲ್ಲಿಂದ ತರುವುದು?

“ಹತ್ತು ಮನೆ ಹೂವಯ್ಯಂದಿರು ತಾನೇ?” ಕುಕ್ಕಪ್ಪ ಗೌಡರು ನಕ್ಕರು. ಅವರ ಮೇಲಿನ ಸಾಲು ಕಿತ್ತಾಗಿತ್ತು, ಹೊಸ ಸಾಲು ಬಂದಿರಲಿಲ್ಲ. ಆದ್ದರಿಂದ ಆ ನಗು ಸ್ವಲ್ಪ ಭಯಂಕರವಾಗಿಯೇ ಇತ್ತು. “ನನ್ನ ಭಾವ ಹೂವಯ್ಯ. ಆಲಂಕಾರಿನಲ್ಲಿ ಷಡ್ಡಕ ಹೂವಪ್ಪ. ಕಡಬದಲ್ಲಿ ಅತ್ತೆ ಹೂವಮ್ಮ. ಇವತ್ತು ಸೋಮವಾರದ ಸಂತೆ ಮಾರಾಯ್ರೆ, ಎಲ್ಲ ಇಲ್ಲೇ ಉಂಟು! ಮಾವನ ಹತ್ತಿರ ಹೆಸರು ಹೇಳುದು, ಸುಮ್ಮನಿರುದು. ಅದು ಸುಳ್ಳಾಗುದಿಲ್ಲವಲ್ಲ?”

ಆಗುವುದಿಲ್ಲ ನಿಜ. ಆದರೆ ಮಾವನಿಗೆ ಕಣ್ಣಿಲ್ಲವೇ ಎಂದು ಡಾಕ್ಟರು ಕೇಳಬೇಕೆನ್ನುವಷ್ಟರಲ್ಲಿ ಗೌಡರು ಸಂತೆಯ ನಡುವೆ ನಿಂತು ಕೂಗುತ್ತಿರುವುದು ಮಹಡಿಗೇ ಕೇಳಿಸಿತು: “ಹೂವಯ್ಯ, ಹೂವಪ್ಪ, ಹೂವಮ್ಮ, ಹೂವಕ್ಕ! ಇದ್ದವರೆಲ್ಲ ನೀಲಾವತಿಯಮ್ಮನ ಅಂಗಳಕ್ಕೆ ಬರಬೇಕಂತೆ! ಕೋಳಿ ಊಟ ಉಂಟಂತೆ!”

ಹತ್ತು ಜನ ಬೇಕಿತ್ತು, ಹದಿನೇಳು ಜನ ಬಂದರು. ವೀಳ್ಯದೆಲೆಯ ಕಟ್ಟು ಹಿಡಿದವರು, ಕೊಡೆ ಹಿಡಿದವರು, ಕಾಲು ಕಟ್ಟಿದ ಹುಂಜವನ್ನು ಬಗಲಲ್ಲಿ ಇರುಕಿಕೊಂಡವರು ಎಲ್ಲ ಇದ್ದರು. ಅವರಲ್ಲಿ ದೇರಣ್ಣ ಎಂಬವನೂ ಇದ್ದುದನ್ನು ಪೋಕರ್ ಬ್ಯಾರಿ ಹಿಡಿದು, “ನೀನು ಯಾವಾಗ ಹೂವಯ್ಯ ಆದದ್ದು?” ಎಂದು ಕೇಳಿದ.

“ಊಟ ಆಗುವವರೆಗೆ ನಾನೂ ಹೂವಯ್ಯನೇ ಬ್ಯಾರಿಗಳೇ. ಮತ್ತೆ ಪುನಃ ದೇರಣ್ಣ,” ಎಂದು ಆತ ನೆಲದ ಮೇಲೆ ಗಟ್ಟಿಯಾಗಿ ಕೂತ.

“ಒಂದು ಮಾತು,” ಕುಕ್ಕಪ್ಪ ಗೌಡರು ಎಲ್ಲರಿಗೂ ಹೇಳಿದರು. “ಡಾಕ್ಟ್ರು ಪಾಪ, ಹೆದರಿ ನಡುವಿನಲ್ಲಿ ಸತ್ಯ ಹೇಳಿಯಾರು. ಅವರು ಎಂತ ಹೇಳಿದರೂ ನಾವು ಅಲ್ಲಾಡಬಾರದು. ಅವರ ಮದುವೆ ನಮ್ಮ ಕೈಯಲ್ಲಿ ಉಂಟು.”

ಬಸ್ಸು ಒಂದು ಗಂಟೆ ತಡವಾಗಿ ಬಂತು. ಅದರಿಂದ ತಲೆಯಿಂದ ಕಾಲಿನವರೆಗೆ ಕೆಂಪು ಧೂಳು ಮೆತ್ತಿಕೊಂಡ, ದಪ್ಪ ಕನ್ನಡಕದ ಒಬ್ಬರು ಮುದುಕರು ಇಳಿದರು. ಆರು ವರ್ಷದ ಮೇಲೆ ಡಾಕ್ಟರ ಕಿವಿಗೆ ತಮ್ಮ ಭಾಷೆ ಬಿತ್ತು. ‘ಉಂಡೆಯಾ’ ಎಂದೇ ಆ ಮುದುಕರು ಮೊದಲು ಕೇಳಿದ್ದು. ಅವರ ಹೆಸರು ಚೆನ್ ಎಂದು ತಿಳಿದ ಕೂಡಲೇ ಕುಕ್ಕಪ್ಪ ಗೌಡರು, “ಬನ್ನಿ ಚೆನ್ನಪ್ಪಣ್ಣ, ಬನ್ನಿ,” ಎಂದು ಅವರ ಚೀಲ ಎತ್ತಿಕೊಂಡರು.

ಅಂಗಳದಲ್ಲಿ ಹದಿನೇಳು ಮಂದಿ ಎದ್ದು ಸಾಲಾಗಿ ನಿಂತರು. ಮುದುಕರು ಕನ್ನಡಕ ಒರೆಸಿ, ತಮಗೆ ಬರುತ್ತಿದ್ದ ಕಲ್ಕತ್ತೆಯ ಹಿಂದಿಯಲ್ಲಿ ಮೊದಲನೆಯವರನ್ನು ಕೇಳಿದರು: “ನಾಮ್?”

“ಹೂವಯ್ಯ.”

“ಹೂ ವೈ ಯಾ!” ಮುದುಕರು ತಲೆಬಾಗಿ ನಮಸ್ಕರಿಸಿದರು. “ನಾಮ್?”

“ಹೂವಪ್ಪ.”

“ಹೂ ವಾ ಪಾ!”

ಹೂವಮ್ಮ, ಹೂವಕ್ಕ ದಾಟಿ ದೇರಣ್ಣನ ಹತ್ತಿರ ಬಂದಾಗ ಆತ ಕಣ್ಣುಮುಚ್ಚಿ, ಒಂದೇ ಉಸಿರಿಗೆ “ಹೂ!” ಎಂದುಬಿಟ್ಟ. ಮುದುಕರು ಅವನ ಎರಡು ಕೈಗಳನ್ನೂ ಹಿಡಿದುಕೊಂಡರು.

ಇನ್ನು ಬಣ್ಣದ ಮಾತು ಬರುತ್ತದೆ, ಮೂಗಿನ ಮಾತು ಬರುತ್ತದೆ ಎಂದು ಡಾಕ್ಟರು ಬೆವರುತ್ತಿದ್ದರು. ಆದರೆ ಮುದುಕರು ಅವರನ್ನು ಪಕ್ಕಕ್ಕೆ ಕರೆದು ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದರು: “ನನಗೆ ಎಲ್ಲ ಅರ್ಥವಾಯಿತು. ಹಿಂದೆ ನಮ್ಮ ದೊಡ್ಡ ಹಡಗುಗಳು ಈ ಕರಾವಳಿಗೆ ಬಂದಿದ್ದವಂತೆ. ಆಗ ಇಳಿದು ಇಲ್ಲೇ ನಿಂತವರ ಮಕ್ಕಳು ಮೊಮ್ಮಕ್ಕಳು ಇವರು! ಮುಖ ಬಿಸಿಲಿಗೆ ಬದಲಾಗಿದೆ, ಭಾಷೆ ಮರೆತಿದೆ. ಹೆಸರನ್ನು ಮಾತ್ರ ಬಿಟ್ಟಿಲ್ಲ, ಪುಣ್ಯವಂತರು!”

ಡಾಕ್ಟರು ಬೆವರು ಒರೆಸಿಕೊಂಡರು. ಊಟಕ್ಕೆ ಏಳಿ ಎಂದರು.

ಮೈಮೂನಮ್ಮನ ಸೇಮಿಗೆ ಕೋಳಿ ಸಾರಿನಲ್ಲಿ ಈಜುತ್ತಾ ಬಂತು. ಮುದುಕರು ಬಟ್ಟಲನ್ನು ಬಾಯಿಗೆ ಹಿಡಿದು ಸುರ್ರೆಂದು ಎಳೆದ ಸದ್ದಿಗೆ ಯಾರದೋ ಬಗಲಿನ ಹುಂಜ ಕೂಗಿತು. ಚೀನಿಕಾಯಿ ಪಲ್ಯವನ್ನೂ ತಿಂದರು. ನೀಲಾವತಿಯಮ್ಮ ಡಾಕ್ಟರ ಕಡೆಗೆ ‘ನಾನು ಹೇಳಲಿಲ್ವಾ’ ಎಂಬಂತೆ ನೋಡಿದರು. ಆಮೇಲೆ ಭರಣಿಯಿಂದ ತೆಗೆದು, ಉಪ್ಪು ತೊಳೆದು, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಕಣಿಲೆ ಬಂತು. ಎಳೆ ಬಿದಿರಿನ ಆ ಬಿಳಿಯ ತುಂಡೊಂದನ್ನು ಬಾಯಿಗಿಟ್ಟ ಮುದುಕರು ಅಗಿಯುವುದನ್ನೇ ನಿಲ್ಲಿಸಿದರು. ಕನ್ನಡಕದ ಕೆಳಗಿನಿಂದ ನೀರು ಇಳಿಯಿತು.

“ನನ್ನ ತಾಯಿ ಹೀಗೇ ಮಾಡುತ್ತಿದ್ದಳು,” ಎಂದರು. “ಕಲ್ಕತ್ತೆಯಲ್ಲಿ ಇಷ್ಟು ಹೋಟೆಲುಗಳಿವೆ. ಈ ರುಚಿ ಒಂದರಲ್ಲೂ ಸಿಗಲಿಲ್ಲ.”

ಡಾಕ್ಟರೂ ಒಂದು ತುಂಡು ಬಾಯಿಗೆ ಹಾಕಿದರು. ಹೌದು, ಅದೇ. ಬಾಲ್ಯದ ಅಡುಗೆಮನೆ, ಹೊಗೆ, ಅಜ್ಜಿಯ ಕೈ ಎಲ್ಲ ಒಮ್ಮೆಗೇ ನೆನಪಾದವು. ಆರು ವರ್ಷ ಅವರು ಯಾವುದಕ್ಕಾಗಿ ಹಂಬಲಿಸಿದ್ದರೋ ಅದು ಮೆಟ್ಟಿಲಿನ ಬುಡದಲ್ಲಿ ನೀಲಾವತಿಯಮ್ಮನ ಭರಣಿಯಲ್ಲೇ ಇತ್ತು. ಇವರು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಡಾಕ್ಟರಿಗೆ ಆ ಅಂಗಳದಲ್ಲಿದ್ದವರೆಲ್ಲ ನಿಜವಾಗಿಯೂ ಹೂ ಮನೆತನದವರೇ ಎನಿಸಿ ತುಂಬ ಸಂತೋಷವಾಯಿತು. ಇನ್ನು ಮದುವೆಗೆ ಅಡ್ಡಿಯಿಲ್ಲ.

ಮುದುಕರು ಕೈ ತೊಳೆದು ಬಂದು ಡಾಕ್ಟರ ಹೆಗಲ ಮೇಲೆ ಕೈಯಿಟ್ಟು ತಮ್ಮ ಭಾಷೆಯಲ್ಲೇ ಹೇಳಿದರು.

“ಮಗೂ, ನಿನಗೆ ಹುಡುಗಿಯನ್ನು ಕೊಡುವಂತಿಲ್ಲ.”

“ಯಾಕೆ? ನಮ್ಮವರಿದ್ದಾರೆ, ನಮ್ಮ ಊಟವಿದೆ!”

“ಅದಕ್ಕೇ. ಸಿಯು ಲಾನಳ ಅಪ್ಪನದು ಸೇಮಿಗೆಯ ಹೋಟೆಲು. ಏಳನೇ ವಯಸ್ಸಿನಿಂದ ಅವಳು ಹಿಟ್ಟು ನಾದಿ ನಾದಿ ಬೇಸತ್ತಿದ್ದಾಳೆ. ‘ಮಾಮ, ನಮ್ಮವರು ಒಬ್ಬರೂ ಇಲ್ಲದ, ಸೇಮಿಗೆ ಕೇಳುವವರೇ ಇಲ್ಲದ ಊರಿಗೆ ನನ್ನನ್ನು ಕೊಡು’ ಎಂದು ಹಟ ಹಿಡಿದಿದ್ದಾಳೆ. ನಿನ್ನ ಫೋಟೋ ಅವಳಿಗೆ ಬಹಳ ಹಿಡಿಸಿತ್ತು. ಹತ್ತು ಮನೆ ಎಂದು ನೀನು ಬರೆದ ಕಾಗದ ಓದಿ ಅತ್ತಳು. ಅದು ಸುಳ್ಳಿರಬಹುದು ಎಂಬ ಆಸೆಯಿಂದ ಇಷ್ಟು ದೂರ ಬಂದೆ. ನೋಡಿದರೆ ಹದಿನೇಳು!”

“ಸುಳ್ಳು ಮಾಮ! ಪೂರಾ ಸುಳ್ಳು! ಇಲ್ಲಿ ನಾನು ಒಬ್ಬನೇ. ಇವರೆಲ್ಲ ಗೌಡರು!”

ಮುದುಕರ ಮುಖ ಗಂಭೀರವಾಯಿತು. “ಒಂದು ಹೆಣ್ಣಿಗಾಗಿ ಸ್ವಂತ ಕುಲದವರನ್ನೇ ಅಲ್ಲವೆನ್ನುತ್ತೀಯಾ? ಇಷ್ಟು ಶತಮಾನ ಹೆಸರು ಕಾಪಾಡಿಕೊಂಡು ಬಂದವರ ಎದುರಿನಲ್ಲಿ?”

ಡಾಕ್ಟರು ಅಂಗಳದ ಕಡೆಗೆ ತಿರುಗಿ ಕೈಮುಗಿದರು. “ಗೌಡ್ರೇ, ನೀವೆಲ್ಲ ಚೀನಾದವರಲ್ಲ ಅಂತ ಇವರಿಗೆ ಹೇಳಿ! ನಿಮ್ಮ ದಮ್ಮಯ್ಯ!”

ಕುಕ್ಕಪ್ಪ ಗೌಡರು ಪೋಕರ್ ಬ್ಯಾರಿಗೆ ಕಣ್ಣು ಹೊಡೆದರು. ತಾನು ಮೊದಲೇ ಹೇಳಿದ ಹಾಗೆಯೇ ಡಾಕ್ಟ್ರು ಪಾಪ, ಹೆದರಿದ್ದಾರೆ.

“ಎಂತ ಮಾತು ಡಾಕ್ಟ್ರೇ? ನಾವು ಅಜ್ಜ ಪಿಜ್ಜನ ಕಾಲದಿಂದ ಚೀನಾದವರು!” ಎಂದು ಗೌಡರು ಎದೆ ತಟ್ಟಿಕೊಂಡರು. ಪೋಕರ್ ಬ್ಯಾರಿ ಅದನ್ನು ರಂಗೂನಿನ ಹಿಂದಿಗೆ ತಿರುಗಿಸಿ ಮುದುಕರಿಗೆ ಮುಟ್ಟಿಸಿದ. ಸಾಲಿನಲ್ಲಿದ್ದವರೆಲ್ಲ “ಹೂ! ಹೂ!” ಎಂದು ದನಿಗೂಡಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ದೇರಣ್ಣ. ಉಂಡ ಊಟಕ್ಕೆ ದ್ರೋಹ ಮಾಡುವ ಜಾತಿ ಅವನದಲ್ಲ.

ಡಾಕ್ಟರು ಮೆಟ್ಟಿಲ ಮೇಲೆ ಕುಸಿದು ಕೂತರು. ಮೈಮೂನಮ್ಮ ಅದು ಸಂತೋಷದ ಸುಸ್ತು ಎಂದುಕೊಂಡು ಒಂದು ಲೋಟ ಪಾನಕ ತಂದುಕೊಟ್ಟಳು.

ಸಂಜೆಯಾಗುವ ಮೊದಲು ಮುದುಕರು, “ನನ್ನನ್ನು ಅಂಚೆ ಕಚೇರಿಗೆ ಕರೆದುಕೊಂಡು ಹೋಗು. ಕಲ್ಕತ್ತೆಗೆ ತಂತಿ ಕೊಡಬೇಕು. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಬರೆಯಲು ಬಾರದು, ನೀನೇ ಬರೆ,” ಎಂದರು. ಹಿಂದಿನಿಂದ ಮೆರವಣಿಗೆಯ ಹಾಗೆ ಎಲ್ಲರೂ ಬಂದರು. ಇಷ್ಟು ಜನ ಅಂಚೆ ಕಚೇರಿಗೆ ಒಟ್ಟಿಗೆ ಬಂದದ್ದು ನೋಡಿ ಗುಮಾಸ್ತ ಎದ್ದು ನಿಂತ.

ಡಾಕ್ಟರು ತಮ್ಮ ಕೈಯಾರೆ ಬರೆದರು: ‘ಊರು ಹುಡುಗಿಗೆ ತಕ್ಕುದಲ್ಲ. ನಮ್ಮವರು ಹದಿನೇಳು ಮನೆ.’

“ಇನ್ನೂ ಇದೆ,” ಎಂದರು ಮುದುಕರು. “ಬರೆ: ನಾನು ಇನ್ನು ಇಲ್ಲೇ ಇರುತ್ತೇನೆ. ಇಂಥ ಬಳಗ, ಇಂಥ ಕಣಿಲೆ ಬಿಟ್ಟು ಬರಲಾರೆ. ನನ್ನ ಕುರ್ಚಿಯನ್ನು ರೈಲಿಗೆ ಹಾಕಿ.”

ಡಾಕ್ಟರ ಪೆನ್ನು ನಿಂತಿತು. “ಯಾವ ಕುರ್ಚಿ ಮಾಮ?”

“ಹಲ್ಲು ಕೀಳುವ ಕುರ್ಚಿ. ನಲವತ್ತು ವರ್ಷದ ಕಸುಬು, ಸುಮ್ಮನೆ ಕೂತು ಉಣ್ಣಲು ನನಗೆ ನಾಚಿಕೆಯಾಗುತ್ತದೆ.”

ಬಾಗಿಲಲ್ಲಿ ಕುಕ್ಕಪ್ಪ ಗೌಡರು ಇಣುಕಿ, “ಎಂತ ಡಾಕ್ಟ್ರೇ, ಮದುವೆ ಗಟ್ಟಿಯಾಯ್ತಾ?” ಎಂದು ಬಾಯಿತುಂಬ ನಕ್ಕರು. ಮುದುಕರು ಕನ್ನಡಕ ಸರಿಮಾಡಿಕೊಂಡು ಆ ಖಾಲಿ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಪ್ರೀತಿಯಿಂದ ನೋಡಿದರು.

“ಬರೆ ಮಗೂ, ಬರೆ,” ಎಂದರು. “ಹದಿನೇಳು ಮನೆಯ ಹಲ್ಲು, ನಮ್ಮಿಬ್ಬರಿಗೂ ಸಾಕು.”