ಕಪಾಟಿಗೆ ಕಟ್ಟಿದ ಬೆಚ್ಚನೆಯ ಖೋಲಿ

ಲಕ್ಷ್ಮೇಶ್ವರದ ಬಡಿಗ ಮುರ್ತುಜಾಸಾಬನಿಗೆ ಈ ಲೋಕದಲ್ಲಿ ಶತ್ರುಗಳೇ ಇರಲಿಲ್ಲ, ಮಳೆಗಾಲವೊಂದನ್ನು ಬಿಟ್ಟು. ಬಡಿಗನ ಮಗಳು ಅಪ್ಪನ ಕೈಯಿಂದಾದ ಕಪಾಟು ತೆಗೆದುಕೊಂಡೇ ಗಂಡನ ಮನೆಗೆ ಹೋಗಬೇಕು ಎಂಬುದು ಅವರ ಮನೆತನದ ಪದ್ಧತಿ. ಹಾಗೆಂದೇ ಹಿರಿಯ ಮಗಳು ನಸ್ರೀನಳ ಜೊತೆ ಮುಂಡರಗಿಗೆ ಒಂದು ಕಪಾಟು ಹೋಯಿತು. ಬೇಸಿಗೆಯಲ್ಲಿ ಹೋದದ್ದು ಮೊದಲನೇ ಮಳೆಗೇ ಉಬ್ಬಿ ಬಾಯಿ ಬಿಗಿದುಕೊಂಡಿತು. ಒಳಗೆ ಮನೆಮಂದಿಯ ಹಬ್ಬದ ಬಟ್ಟೆ. ಹೊರಗೆ ನಮಾಜಿಗೆ ಹೊತ್ತಾಯಿತೆಂದು ಬನಿಯನ್ ಮೇಲೆ ನಿಂತ ಬೀಗರು. ಕಡೆಗೆ ಹಾರೆ ಹಾಕಿ ಮೀಟಿದರು. (ಹಾರೆ! ಅದೂ ಸಾಗವಾನಿ ಕಪಾಟಿಗೆ! ಈ ಸುದ್ದಿ ಕೇಳಿದ ದಿನ ಮುರ್ತುಜಾ ಉಣ್ಣಲಿಲ್ಲ.)

ಸೀಳಿದ ಆ ಬಾಗಿಲನ್ನು ನಸ್ರೀನಳ ಅತ್ತೆ ಒಲೆಗಾದರೂ ಹಾಕಬಾರದಿತ್ತೇ? ಇಲ್ಲ. ಪಡಸಾಲೆಯ ಗೋಡೆಗೆ ಆನಿಸಿಟ್ಟು, ಬಂದವರಿಗೆಲ್ಲ "ನಮ್ಮ ಸೊಸಿ ತವರಮನಿ ಬಾಗಲಾ ನೋಡ್ರಿ" ಎಂದು ತೋರಿಸುತ್ತಿದ್ದಳು. ನಸ್ರೀನ ತವರಿಗೆ ಬಂದಾಗ ಅಪ್ಪನೆದುರು ಈ ಮಾತು ಎತ್ತುತ್ತಿರಲಿಲ್ಲ. ಅಡುಗೆಮನೆಯಲ್ಲಿ ತಾಯಿಯ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದಳು. ಆ ಅಳು ಹೊರಗೆ ಕೂತ ಮುರ್ತುಜಾನಿಗೆ ಕೇಳುತ್ತಿತ್ತು.

ಈಗ ಕಿರಿಯ ಮಗಳು ಅಸ್ಮಾಳನ್ನು ಶಿರಹಟ್ಟಿಯ ಕರೀಮಸಾಬರ ಮಗನಿಗೆ ಗೊತ್ತು ಮಾಡಿದ್ದರು. ಮಳೆಗಾಲ ಮುಗಿದ ಕೂಡಲೇ ಮದುವೆ. ಅಂದರೆ ಕಪಾಟು ಆಗಬೇಕಾದದ್ದು ಸುರಿಯುವ ಮಳೆಯಲ್ಲೇ. ಇವಳೂ ಜೀವಮಾನವೆಲ್ಲ ಹಾರೆಯ ಮಾತು ಕೇಳಬೇಕೇ?

ಉಪಾಯ ಸಿಕ್ಕಿದ್ದು ಗದಗದಲ್ಲಿ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳಿಗೆ ಬಾಗಿಲು ಕೂರಿಸುವ ಕೆಲಸ ಬೇಕಾದಷ್ಟಿತ್ತು. ಒಂದು ಕಚೇರಿಯಲ್ಲಿ ಕಂಪ್ಯೂಟರ್ ಎಂಬ ಯಂತ್ರ ಬರುವುದಿದೆಯೆಂದು ಅವನ ಕೈಯಿಂದ ಖೋಲಿಯೊಂದರ ಸಂದಿಗೊಂದಿಗಳನ್ನೆಲ್ಲ ಮುಚ್ಚಿಸಿದರು. "ಯಾಕ್ರಿ ಸಾಹೇಬ್ರ?" ಎಂದರೆ, "ಅದಕ್ಕ ಥಂಡಿ, ಧೂಳಾ ಆಗಿಬರೂದಿಲ್ಲಪಾ" ಎಂದರು. ಯಾರದೋ ಯಂತ್ರಕ್ಕೆ ಇಷ್ಟು ಉಪಚಾರವಾದರೆ ತನ್ನ ಕಟ್ಟಿಗೆಗೆ ಯಾಕಾಗಬಾರದು ಎಂದು ಮುರ್ತುಜಾ ಬಸ್ಸಿನಲ್ಲಿ ಮೀಸೆ ತಿರುವುತ್ತಾ ಬಂದ.

ಹಿತ್ತಲಲ್ಲಿ ಖೋಲಿ ಎದ್ದಿತು. ಅದೇನು ಸಾಮಾನ್ಯ ಖೋಲಿಯೇ! ನೆಲಕ್ಕೆ ಎತ್ತರದ ಕಲ್ಲುಹಾಸು. ಗೋಡೆಗೆ ಹೊರಗೆ ತಗಡು, ಒಳಗೆ ಹಲಗೆ, ನಡುವೆ ಎಣ್ಣೆ ಗಿರಣಿಯಿಂದ ತಂದು ಗಿಡಿದು ತುಂಬಿದ ಶೇಂಗಾ ಸಿಪ್ಪೆ. ಮೇಲೆ ತಗಡಿನ ಕೆಳಗೂ ಅದೇ ಸಿಪ್ಪೆಯ ಹಾಸಿಗೆ. ಕಿಟಕಿ? ಕಿಟಕಿಯೆಂದರೆ ಥಂಡಿಗೆ ತಾನಾಗಿ ತೆರೆದ ಹೆಬ್ಬಾಗಿಲು. ಆ ಮಾತೇ ಬೇಡ. ಉಳಿದ ಬಿರುಕುಗಳಿಗೆ ಕಟ್ಟಿಗೆ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿದ. ಇರುವೆ ಕೂಡ ಬಾಗಿಲು ಬಡಿದು ಒಳಗೆ ಬರಬೇಕು, ಅಂಥ ಬಂದೋಬಸ್ತು.

ಇತ್ತ ಮನೆಯ ಮಣ್ಣಿನ ಮಾಳಿಗೆ ಸೋರುತ್ತಿತ್ತು. ಪಡಸಾಲೆಯಲ್ಲಿ ಹನಿ ಬಿದ್ದಲ್ಲೆಲ್ಲ ಪಾತ್ರೆ. ಪಾತ್ರೆಗಳ ನಡುವೆ, ಮಂಚದ ಮೇಲೆ, ಅತ್ತೆ ಸುಗ್ರಾಬಿ. ಅಳಿಯನ ಮನೆಯಲ್ಲಿ ಸಾಯಲೆಂದೇ ಬಂದವಳು, ಬಂದು ಬಹಳ ವರ್ಷವಾಗಿತ್ತು. ಈ ಮಳೆಗೆ ಮಾತ್ರ ಕೆಮ್ಮು ನಿಜವಾಗಿಯೂ ಎದೆಗಿಳಿದಿತ್ತು.

ಹೆಂಡತಿ ಗುಲಾಬಬಿ ಕೈಯಲ್ಲಿ ಪಾತ್ರೆ ಹಿಡಿದೇ ಹಿತ್ತಲಿಗೆ ಬಂದಳು. "ಹಲಗಿಗೆ ಥಂಡಿ ಆದೀತಂತ ಮೈತುಂಬ ಹೊದಸೀರಿ. ನಮ್ಮವ್ವ ಏನ್ ಹಲಗಿಗಿಂತ ಕಡಿಮಿ ಏನ್ರಿ?"

"ನಿಮ್ಮವ್ವ ಉಬ್ಬಂಗಿಲ್ಲಲ ಮಾರಾಯ್ತಿ! ಹಲಗಿ ಉಬ್ಬತೈತಿ!"

"ನಮ್ಮವ್ವ ಸಾಯ್ತಾಳ್ರಿ!"

"ಅಸ್ಮಾನ ಮದುವಿ ಆಗೂತನಾ ತಡೀ ಅನ್ನು" ಎಂದುಬಿಟ್ಟ ಮುರ್ತುಜಾ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಗುಲಾಬಬಿ ಪಾತ್ರೆಯ ನೀರನ್ನು ಅವನ ಕಾಲ ಬುಡದಲ್ಲೇ ಚೆಲ್ಲಿ ಹೋದಳು.

ಕಪಾಟು ಮಾತ್ರ ಬಲು ಚೆಂದ ಆಯಿತು. ಬಾಗಿಲು ಒಂದೇ ಬೆರಳಿಗೆ ತೆರೆಯುತ್ತಿತ್ತು, ಊದಿದರೆ ಮುಚ್ಚುತ್ತಿತ್ತು. ಮುರ್ತುಜಾ ದಿನಾ ಹೋಗಿ ತೆರೆದು, ಮುಚ್ಚಿ, ಬರುತ್ತಿದ್ದ. ಖೋಲಿಯೊಳಗೆ ಹಸಿ ಕಾಲಿನವರಿಗೆ ಪ್ರವೇಶವಿಲ್ಲ. ಅಸ್ಮಾ ಚಹಾ ತಂದರೂ ಹೊಸ್ತಿಲಾಚೆಯೇ ನಿಲ್ಲಬೇಕು. "ಅಬ್ಬಾ, ಚಹಾದಾಗಿನ ನೀರಿಗೂ ಹೆದರ್ತೀರೇನ?" ಎಂದು ಅವಳು ನಕ್ಕರೆ, "ನಿನ್ನ ಸಲುವಾಗಿ ಹೆದರ್ತೀನವ್ವಾ" ಎನ್ನುತ್ತಿದ್ದ. ಅವನ ದನಿ ಕೇಳಿ ಹುಡುಗಿಯ ನಗು ನಿಂತುಹೋಗುತ್ತಿತ್ತು.

ಆಮೇಲೆ ಜಡಿಮಳೆ ಹಿಡಿಯಿತು. ಸುಗ್ರಾಬಿಯ ಉಸಿರು ಗೊರಗೊರ ಎನ್ನತೊಡಗಿತು. ಡಾಕ್ಟರು ಬಂದು ಎದೆ ನೋಡಿ, ಮಾಳಿಗೆ ನೋಡಿ, "ಇವರನ್ನ ಜಲ್ದಿ ಒಣಗಿದ್ದಲ್ಲಿ, ಬೆಚ್ಚಗಿದ್ದಲ್ಲಿ ಮಲಗಸ್ರಿ. ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು. ಎಲ್ಲರೂ ಮುರ್ತುಜಾನ ಮುಖ ನೋಡಿದರು, ಅಷ್ಟೇ. ಮುರ್ತುಜಾ ತಾನೇ ಎದ್ದು ಮಂಚದ ಒಂದು ತುದಿ ಹಿಡಿದ.

ಕಪಾಟನ್ನು ಹೊರಗಿಡಲು ಒಣ ಜಾಗವೆಲ್ಲಿದೆ? ಅದೂ ಅಲ್ಲೇ ಉಳಿಯಿತು. ಸುಗ್ರಾಬಿ ಸಾಯಲು ಬಿದ್ದಿದ್ದಾಳೆಂಬ ಖಬರು ಶಿಗ್ಲಿ, ಮಲ್ಲಸಮುದ್ರ, ಗದಗದವರೆಗೂ ಹೋಯಿತು. ನೆಂಟರು ಕೊಡೆ ಮಡಚುತ್ತಾ ಬಂದರು. ಸಾಯುವವರನ್ನು ನೋಡಲು ಬಂದವರಿಗೆ ಚಹಾ ಕೊಡದೆ ಕಳಿಸಲಾಗುತ್ತದೆಯೇ? ಸ್ಟವ್ ಒಳಗೇ ಬಂತು. ಎದೆಯ ಕಫಕ್ಕೆಂದು ನೀಲಗಿರಿ ಸೊಪ್ಪು ಹಾಕಿದ ನೀರು ಒಂದು ಬೋಗುಣಿಯಲ್ಲಿ ಸದಾ ಕುದಿಯುತ್ತಿತ್ತು. ಚಹಾದ ಉಗಿ, ನೀಲಗಿರಿಯ ಉಗಿ, ನೆಂಟರ ಒದ್ದೆ ಸೀರೆ, ಅವರ ನಿಟ್ಟುಸಿರು, ಎಲ್ಲವೂ ಒಳಗೇ. ಹೊರಗಿನ ಥಂಡಿ ಒಳಗೆ ಬಾರದಂತೆ ಮುಚ್ಚಿದ ಖೋಲಿ ಒಳಗಿನ ಉಗಿಯನ್ನೂ ಹೊರಗೆ ಬಿಡಲಿಲ್ಲ. ಅಷ್ಟು ನಿಯತ್ತಿನ ಕೆಲಸ ಮುರ್ತುಜಾನದು. ಹಲಗೆಗಳು ಬೆವರಿ ನೀರು ಧಾರೆಯಾಗಿ ಇಳಿಯತೊಡಗಿತು.

ಮುರ್ತುಜಾ ಬೈರಿಗೆ ತಂದು ಗೋಡೆಗೆ ತೂತು ಕೊರೆಯಹೋದ.

"ಗಾಳಿ ಬಡದು ನಮ್ಮವ್ವ ಸತ್ರ?" ಎಂದು ಗುಲಾಬಬಿ ಅಡ್ಡ ನಿಂತಳು.

"ಉಗಿ ಹೋಗಾಕ ಒಂದಽ ತೂತು, ಗುಲಾಬೂ! ಕೈಮುಗಿತೀನಿ!"

"ಮೊದಲ ನನ್ನ ಕೊರೀರಿ, ಆಮ್ಯಾಲ ಗ್ವಾಡಿ ಕೊರೀರಿ" ಎಂದಳು ಆ ಮಹಾತಾಯಿ.

ಮರುದಿನ ಕಪಾಟಿನ ಬಾಗಿಲಿಗೆ ಎರಡು ಬೆರಳು ಬೇಕಾದವು. ಅದರ ಮರುದಿನ ಎರಡೂ ಕೈ. ಆಮೇಲೆ ಕಾಲು ಕೊಟ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಮುರ್ತುಜಾ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನೆಂಟರೆದುರಿಗೇ, ಹೋ ಎಂದು ಅತ್ತುಬಿಟ್ಟ. ನೋಡಿದ ಹೆಂಗಸರು "ಅತ್ತಿ ಮ್ಯಾಲ ಎಷ್ಟ್ ಜೀವ ನೋಡ್ರಿ" ಎಂದು ತಾವೂ ಸೆರಗು ಕಣ್ಣಿಗೊತ್ತಿಕೊಂಡರು.

ಸುಗ್ರಾಬಿ ಸಾಯಲಿಲ್ಲ. ಕಫ ಕರಗಿತು, ಹಸಿವಾಯಿತು, ರೊಟ್ಟಿ ಕೇಳಿದಳು. ಬಿದ್ದವನು ಮುರ್ತುಜಾ. ಅಷ್ಟು ದಿನ ಸೋರುವ ಪಡಸಾಲೆಯಲ್ಲಿ ಪಾತ್ರೆಗಳ ನಡುವೆ ಮಲಗಿದ್ದು ಅವನೇ ತಾನೆ! ಜ್ವರ ಏರಿ ದನಿ ಬಿದ್ದುಹೋಯಿತು. ಅವನನ್ನೂ ಎತ್ತಿ ತಂದು ಅದೇ ಖೋಲಿಯ ಅದೇ ಮಂಚಕ್ಕೆ ಹಾಕಿದರು. ಬೋಗುಣಿಯ ಉಸ್ತುವಾರಿಗೆ ಈಗ ಸುಗ್ರಾಬಿ. "ಬಾಯಿ ತೆಗೀರಿ ಅಳಿಯಂದ್ರ, ಉಗಿ ತಗೋರಿ" ಎಂದು ಅವನ ತಲೆಗೆ ಕಂಬಳಿ ಮುಚ್ಚುವಳು. ಅದೇ ನೆಂಟರು ಮತ್ತೆ ಬಂದರು. ಬಂದವರೆಲ್ಲ ಮೊದಲು ರೋಗಿಯನ್ನು ನೋಡುವರು, ಆಮೇಲೆ ಕಪಾಟು ನೋಡುವರು, ಆಮೇಲೆ ಸುಮ್ಮನೆ ಅದರ ಹಿಡಿಕೆ ಜಗ್ಗಿ ನೋಡುವರು. ಒಬ್ಬೊಬ್ಬರು ಜಗ್ಗಿದಾಗಲೂ ಮುರ್ತುಜಾ ಕಣ್ಣು ಮುಚ್ಚಿಕೊಳ್ಳುವನು. ಬೇಡವೆನ್ನಲು ಅವನಿಗೆ ದನಿಯೂ ಇರಲಿಲ್ಲ.

ಕಡೆಗೆ ಶಿರಹಟ್ಟಿಯಿಂದ ಬೀಗರು ಕರೀಮಸಾಬರೇ ಬಂದರು. ಕುಶಲ ಕೇಳಿದರು, ಚಹಾ ಕುಡಿದರು. ಎದ್ದು ನೇರವಾಗಿ ಕಪಾಟಿನ ಹತ್ತಿರ ಹೋದರು. ಬಾಗಿಲಲ್ಲಿ ನಿಂತ ಅಸ್ಮಾಳ ಮುಖ ಬಿಳಿಚಿಕೊಂಡಿತು. ಕರೀಮಸಾಬರು ಜಗ್ಗಿದರು. ಇನ್ನೊಮ್ಮೆ ಜಗ್ಗಿದರು.

"ಕೀಲಿ ಹಾಕೇತ್ರಿ" ಎಂದಳು ಸುಗ್ರಾಬಿ, ಗಟ್ಟಿಯಾಗಿ. "ಮದುವಿಗಿಂತ ಮೊದಲ ಮದಿಮಗಳ ಕಪಾಟಾ ತೆರೀಬಾರ್ದು. ನಮ್ಮ ಕಡೆ ಹಂಗ."

ಕರೀಮಸಾಬರು ಬಗ್ಗಿ ಬಾಗಿಲನ್ನು ಮೇಲಿಂದ ಕೆಳಗೆ ಹುಡುಕಿದರು. ಕೀಲಿತೂತು ಎಲ್ಲಿಯೂ ಇರಲಿಲ್ಲ. ಅವರು ನಿಧಾನಕ್ಕೆ ಬಂದು ಮಂಚದ ಅಂಚಿಗೆ ಕೂತು, ಮುರ್ತುಜಾನ ಕೈ ಹಿಡಿದುಕೊಂಡರು.

"ಬೀಗರ, ಮುಂಡರಗಿ ಸುದ್ದಿ ನಮಗೂ ಗೊತ್ತೈತ್ರಿ. ನಮ್ಮ ಮನಿಗೆ ಬಂದಾಕಿಗೆ ಹಂಗ ಯಾರೂ ಅನಬಾರದಂತ ನಾವ ಗದಗದಿಂದ ಒಂದು ಕಬ್ಬಿಣದ ಕಪಾಟಾ ತಂದ ಇಟ್ಟೀವಿ. ಕೂಸಿನ ಮ್ಯಾಲ ಒಂದ್ ಮಾತೂ ಬರೂದಿಲ್ಲ. ನೀವು ಆರಾಮ ಆಗ್ರಿ."

ಅಸ್ಮಾ ಗೋಡೆಗೊರಗಿ ಉಸಿರು ಬಿಟ್ಟಳು. ಮಗಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಮುರ್ತುಜಾ ಎಂದೂ ಕಂಡಿರಲಿಲ್ಲ. ಅಪ್ಪನ ಕಪಾಟು ತನಗೆ ಬರುವುದಿಲ್ಲ ಎಂಬ ನೆಮ್ಮದಿ ಅದು. ಅವನಿಗೆ ಸಂತೋಷವೂ ಆಯಿತು, ಯಾರಾದರೂ ಈ ಕಂಬಳಿಯನ್ನು ಮುಖದ ಮೇಲೆ ಪೂರಾ ಎಳೆದುಬಿಡಬಾರದೇ ಎಂದೂ ಅನಿಸಿತು.

ಹೊರಡಲೆದ್ದ ಕರೀಮಸಾಬರು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. "ಒಂದು ಮಾತ್ರಿ ಬೀಗರ. ನಮ್ಮ ಮನಿ ನೆಲಾ ಸ್ವಲ್ಪ ಓರೆ. ಆ ಕಪಾಟಾ ಗಡಗಡ ಅಲಗ್ಯಾಡತೈತಿ. ನೀವು ಕಸಬದಾರರು. ಅದರ ಕಾಲಿನ ಕೆಳಗ ಇಡಾಕ ಎರಡು ಕಟಿಗಿ ಚಕ್ಕಿ ಮಾಡಿ ಕೊಡ್ರಲಾ, ನಿಮ್ಮ ಮನಿ ಪದ್ಧತಿನೂ ಉಳದಂಗ ಆಗ್ತೈತಿ. ಮತ್ತ..." ಎಂದು ಕಪಾಟಿನ ಕಡೆ ಒಮ್ಮೆ ನೋಡಿ, ಬಹಳ ಮರ್ಯಾದೆಯಿಂದ ದನಿ ತಗ್ಗಿಸಿದರು, "ಉಬ್ಬಲಾರದ ಕಟಿಗಿ ಇದ್ರ ನೋಡ್ರಿ."

ಗುಲಾಬಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೋಡಿದಳು. ನಗುವೋ ಅಳುವೋ ಯಾರಿಗೆ ಗೊತ್ತು. ಮುರ್ತುಜಾ ಕಂಬಳಿ ಸರಿಸಿ ಮೊಣಕೈ ಊರಿ ಎದ್ದು ಕೂತ. ಬಿದ್ದುಹೋಗಿದ್ದ ದನಿಯನ್ನು ಎಲ್ಲಿಂದಲೋ ಎಳೆದು ತಂದು ಕೇಳಿದ:

"ಓರೆ ಎಷ್ಟೈತ್ರಿ ಬೀಗರ? ಅರ್ಧ ಇಂಚೋ, ಮುಕ್ಕಾಲೋ?"