ಡ್ಯಾನ್ಸ್ ಕ್ಲಾಸಿಗೆ ಹೊರಟ ಪೈಲವಾನ

ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ನಾನು ಯಾರ ತಂಟೆಗೂ ಹೋಗುವವನಲ್ಲ. ಮೇಲವಂಕಿಯಲ್ಲಿ ಹೊಲ, ಕುರಿ, ಮನೆ, ಅಷ್ಟೇ. ಹರೆಯದಲ್ಲಿ ಗರಡಿ ಮನೆಯಲ್ಲಿ ಕುಸ್ತಿ ಹಿಡಿದವನು. ಈಗ ಅದೂ ಇಲ್ಲ. ಆದರೂ ಬಂದವು, ಒಂದರ ಬೆನ್ನಿಗೆ ಒಂದು.

ಒಪ್ಪಿಗೆ

ಮೊಮ್ಮಗಳನ್ನು ಹುಕ್ಕೇರಿಗೆ ಕೊಡುವುದೆಂದು ಗೊತ್ತಾಯಿತು. ಈಗಿನ ಪದ್ಧತಿಯಂತೆ, ಅರಿಷಿಣದ ದಿನ ಎರಡೂ ಕಡೆಯ ಅಜ್ಜ ಅಜ್ಜಿ ಜೋಡಿಯಾಗಿ ಸ್ಟೇಜಿನ ಮೇಲೆ ಕುಣಿಯಬೇಕು. ವರನ ಅಜ್ಜಿ ಫೋನ್ ಮಾಡಿದರು. ಸ್ಪೀಕರ್ ಹಚ್ಚಿತ್ತು. ನಾನು ಊಟಕ್ಕೆ ಕೂತಿದ್ದೆ.

“ಅಕ್ಕಾರ, ನಿಮ್ಮ ಯಜಮಾನ್ರು ಕುಣಿತಾರಲ್ರಿ?”

“ಕುಣಿತಾರ್ರಿ,” ಎಂದಳು ನನ್ನ ಹೆಂಡತಿ.

ನನ್ನ ಬಾಯಲ್ಲಿ ರೊಟ್ಟಿ ಇತ್ತು. ನುಂಗುವುದರೊಳಗೆ ಫೋನ್ ಇಟ್ಟಾಗಿತ್ತು.

“ನನ್ನ ಕೇಳಿದೇನು?”

“ಮದಿವಿ ಆಗಿ ಇಷ್ಟು ವರ್ಷ ಆತು, ನಿಮ್ಮನ್ನ ಏನರೆ ಕೇಳೇನೇನ್ರಿ? ಸೀರಿ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಒಂದ ಹಾಡಿಗೆ ನನ್ನ ಜೋಡಿ ಕುಣೀರಿ. ಅಲ್ಲಿ ನಾ ಒಬ್ಬಾಕಿನ ಕಂಬದ ಹಂಗ ನಿಂತ್ರ, ಹುಕ್ಕೇರಿ ಮಂದಿ ನಕ್ಕೋತ ಮನಿಗೆ ಹೋಗ್ತಾರ.”

ಧ್ವನಿ ನಡುಗಿತು. ನಾನು ಹೂಂ ಎಂದೆ. ಕೂಡಲೇ ನಡುಕ ನಿಂತಿತು.

“ಮೂಡಲಗಿಯಾಗ ಕ್ಲಾಸ್ ಐತ್ರಿ. ನಿನ್ನೇನ ಇಬ್ಬರದೂ ಹೆಸರ ಹಚ್ಚೇನಿ.”

ಪ್ಯಾಂಟು

ಡ್ಯಾನ್ಸ್ ಕ್ಲಾಸಿನ ಮಾಸ್ತರರಿಗೆ ಫೋನ್ ಮಾಡಿದೆ. ಏನು ಉಟ್ಟುಕೊಂಡು ಬರಬೇಕು ಎಂದು ಕೇಳಿದೆ.

“ಸಡಿಲ ಅರಿವಿ ಹಾಕ್ಕೊಂಡ ಬರ್ರಿ ಕಾಕಾ.”

“ಧೋತರ ಐತಿ. ಅದಕ್ಕಿಂತ ಸಡಿಲ ಯಾವದೈತಿ?”

“ಕಾಕಾ, ಕುಣಿವಾಗ ಅದು ಮೈಮ್ಯಾಲ ನಿಂದರಬೇಕಲ್ರಿ,” ಎಂದರು.

ಹಾಗಾಗಿ ಗೋಕಾಕಿನ ಪೇಟೆಗೆ ಹೋದೆವು. ಅಂಗಡಿಯವನಿಗೆ ಟ್ರ್ಯಾಕ್ ಪ್ಯಾಂಟ್ ಕೇಳಿದೆ.

“ಯಾರಿಗ್ರಿ?”

“ನನಗ.”

“ವಾಕಿಂಗಿಗೇನ್ರಿ?”

“ಅಲ್ಲ.”

“ಡಾಕ್ಟರ್ ಹೇಳ್ಯಾರೇನ್ರಿ? ಶುಗರ್ ಐತೇನ್ರಿ?”

“ಇಲ್ಲ.”

“ಮತ್ತ ಯೋಗಾಕ್ಕೇನ್ರಿ?”

ಹಿಂದಿನಿಂದ ಹೆಂಡತಿ ಇಡೀ ಪೇಟೆಗೆ ಕೇಳುವಂತೆ ಹೇಳಿದಳು, “ಡ್ಯಾನ್ಸಿಗೆ!”

ಅಂಗಡಿಯವನು ನನ್ನ ಮೀಸೆ ನೋಡಿದ. ತಲೆಗೆ ಸುತ್ತಿದ ಪಟಕ ನೋಡಿದ. ಕೈಯಲ್ಲಿದ್ದ ಕಪ್ಪು ಪ್ಯಾಂಟನ್ನು ಮಡಚಿ ಮತ್ತೆ ಒಳಗಿಟ್ಟ. ಆಮೇಲೆ ಅಟ್ಟದ ಕಡೆ ಮುಖ ಮಾಡಿ ಕೂಗಿದ:

“ಏ, ಅಜ್ಜಾರಿಗೆ ಹೊಳೆಯೂದ ತಗೊಂಡ ಬಾ!”

ದೇವರು

ಕ್ಲಾಸಿಗೆ ಮೊದಲು ತುಸು ರೂಢಿ ಇರಲೆಂದು ಮಾಸ್ತರರು ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ದರು. ಕಣ್ಣು ಮುಚ್ಚಬೇಕು, ಕೈ ಮೇಲೆತ್ತಬೇಕು, ತಾಳ ಕೇಳುತ್ತ ಮೈ ತೂಗಬೇಕು. ಮನೆಯಲ್ಲಿ ಸೊಸೆಯ ಎದುರು ಆಗುವ ಕೆಲಸವಲ್ಲ. ಹೊಲಕ್ಕೆ ಹೋದೆ. ಬನ್ನಿ ಗಿಡದ ಕೆಳಗೆ, ಕುರಿಗಳ ನಡುವೆ ನಿಂತು, ಮೊಮ್ಮಗಳ ಇಯರ್‌ಫೋನ್ ಕಿವಿಗಿಟ್ಟು, ಪಟಕದೊಳಗೆ ಸಿಕ್ಕಿಸಿ ಶುರು ಮಾಡಿದೆ.

ಹಾಡು ನನಗೊಬ್ಬನಿಗೇ ಕೇಳುತ್ತಿತ್ತು. ಇದು ಆಗ ಹೊಳೆಯಲಿಲ್ಲ.

ಹಣೆಗೆ ಏನೋ ತಣ್ಣಗೆ ತಾಗಿತು. ಕಣ್ಣು ಬಿಟ್ಟೆ. ಬಾಜೂ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳೆಲ್ಲ ನನ್ನೆದುರು ಕೈ ಮುಗಿದು ಕೂತಿದ್ದರು. ಹಣೆಯ ತುಂಬ ಭಂಡಾರದ ಅರಿಷಿಣ ಬಳಿದಾಗಿತ್ತು. ನನ್ನ ಮೈಮೇಲೆ ದೇವರು ಬಂದಿದೆ ಎಂದು ತಿಳಿದಿದ್ದರು.

“ನಮ್ಮಪ್ಪಾ, ನನ್ನ ಸೊಸಿ ಜಗಳಾಡಿ ತವರಿಗೆ ಹೋಗ್ಯಾಳ. ಯಾವಾಗ ಬರ್ತಾಳೊ?” ಎಂದು ಒಬ್ಬ ಮುದುಕಿ ಕೇಳಿದಳು.

“ನನಗೇನ ಗೊತ್ತು!” ಎಂದೆ.

“ಸಿಟ್ಟಿಗೆದ್ದಾನ್ರವಾ, ಗಲ್ಲಗಲ್ಲ ಬಡ್ಕೋರಿ,” ಎಂದಳು ಪಕ್ಕದವಳು. ಎಲ್ಲರೂ ಬಡಿದುಕೊಂಡರು.

“ಏ, ಎದ್ದ ಹೋಗ್ರಿ!”

ಮುದುಕಿ ಎದ್ದೇ ಬಿಟ್ಟಳು. “ಕೇಳಿದ್ರ್ಯೋ ಇಲ್ಲೊ? ಕುಂತ್ರ ಬರೂದಿಲ್ಲ, ನಾನ ಎದ್ದ ಹೋಗಿ ಕರೀಬೇಕಂತ!”

ಹೋದಳು. ಕರೆದಳು. ಸೊಸೆ ಬಂದಳು. ನಮ್ಮ ಮನೆಗೆ ಇನ್ನೂ ತೆಂಗಿನಕಾಯಿ ಬರುತ್ತಿವೆ.

ಮೊದಲ ಪಾಠ

ಮೈ ಕಲಿಯುವ ಕ್ಲಾಸೆಂದರೆ ನನಗೆ ಗೊತ್ತಿದ್ದದ್ದು ಗರಡಿ ಒಂದೇ. ಅದೇ ತಯಾರಿ ಮಾಡಿಕೊಂಡೆ. ನಸುಕಿನಲ್ಲಿ ಎದ್ದು ಎಣ್ಣೆ ಹಚ್ಚಿ ತಿಕ್ಕಿಕೊಂಡೆ, ಬೈಠಕ್ ಹೊಡೆದೆ, ಹಾಲು ಬಾದಾಮಿ ಕುಡಿದೆ. ಹೆಂಡತಿ ಹೊಸ ಸೀರೆಗೆ ಊರಿನ ಪಿನ್ನೆಲ್ಲ ಚುಚ್ಚಿಕೊಂಡಳು. ಬಸ್ಸಿನಲ್ಲಿ ಮಂದಿ ನನ್ನ ಪ್ಯಾಂಟು ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಮೂಡಲಗಿಯಲ್ಲಿ ಗೊಬ್ಬರದ ಅಂಗಡಿಯ ಮೇಲೆ ಕ್ಲಾಸು. ಮಾಸ್ತರರು ಸಣಕಲು ಆಸಾಮಿ. ಉಳಿದ ವಿದ್ಯಾರ್ಥಿಗಳೆಲ್ಲ ಮಧ್ಯವಯಸ್ಸಿನ ಹೆಣ್ಣುಮಕ್ಕಳು. ಹೆಂಡತಿ ನನ್ನ ಪಕ್ಕ ನಿಂತಳು. ಮಾಸ್ತರರು ಅವಳನ್ನು ಆಚೆ ಕಳಿಸಿದರು.

“ಮೊದಲ ಕಾಕಾಗ ನಾ ಒಬ್ಬನ ಕಲಸ್ತೀನ್ರಿ. ಕಾಕಾ, ನನ್ನ ಎದುರಿಗೆ ನಿಂದರ್ರಿ.”

ನಿಂತೆ.

“ಮೊಣಕಾಲ ತುಸು ಬಗ್ಗಸ್ರಿ.”

ಬಗ್ಗಿಸಿದೆ.

“ಕಣ್ಣಾಗ ಕಣ್ಣಿಟ್ಟ ನೋಡ್ರಿ. ಎರಡೂ ಕೈ ಕೊಡ್ರಿ.”

ನೋಡಿದೆ. ಕೊಟ್ಟೆ. ಇಷ್ಟನ್ನೂ ಗರಡಿಯಲ್ಲಿ ನನ್ನ ಗುರು ವಸ್ತಾದರು ಐವತ್ತು ವರ್ಷದ ಹಿಂದೆಯೇ ಕಲಿಸಿದ್ದರು. ಡ್ಯಾನ್ಸು ಸುಲಭ ಅನ್ನಿಸಿತು.

ಮಾಸ್ತರರು ಒಂದು ಕಾಲು ಮುಂದಿಟ್ಟರು.

ಮುಂದಿನದಕ್ಕೆ ನಾನು ಹೊಣೆಯಲ್ಲ. ಎದುರಿನವನು ಕಾಲು ಮುಂದಿಟ್ಟಾಗ ಪೈಲವಾನ ವಿಚಾರ ಮಾಡುತ್ತ ನಿಲ್ಲುವುದಿಲ್ಲ. ಮಾಸ್ತರರು ನನ್ನ ಹೆಗಲ ಮೇಲಿಂದ ಹಾದು, ಚಾಪೆಯ ಮೇಲೆ ಅಂಗಾತ ಬಿದ್ದು, ಫ್ಯಾನ್ ನೋಡತೊಡಗಿದರು. ಹಾಡು ನಡೆದೇ ಇತ್ತು. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು.

“ಸರ್, ನಮಗೂ ಇವತ್ತ ಇದನ್ನ ಕಲಸ್ತೀರೇನ್ರಿ?” ಎಂದಳು ಒಬ್ಬಾಕೆ.

“ಇಲ್ಲರಿ,” ಎಂದರು ಮಾಸ್ತರರು ಮಲಗಿದಲ್ಲಿಂದ. “ಇದು… ಮುಂದಿನ ತಿಂಗಳದ ಪಾಠ.”

ಮಾಸ್ತರರನ್ನು ಎತ್ತಿ ನಿಲ್ಲಿಸಿ ಮೈಮೇಲಿನ ಧೂಳು ಝಾಡಿಸಿದೆ. ಅವರು ಮೆಲ್ಲಗೆ ಕುರ್ಚಿಯೊಂದರ ಹಿಂದೆ ಸರಿದರು. ಹೆಂಡತಿಯ ಮುಖ ನೋಡಿದೆ. ಹುಕ್ಕೇರಿಯ ಸ್ಟೇಜು ಅವಳ ಕಣ್ಣೆದುರೇ ಕುಸಿಯುತ್ತಿದ್ದಂತೆ ಇತ್ತು.

“ಕಾಕಾನ ಜೋಡಿ ಯಾರ ನಿಂದರ್ತೀರಿ?” ಎಂದರು ಮಾಸ್ತರರು.

ಹೆಣ್ಣುಮಕ್ಕಳೆಲ್ಲ ಗೋಡೆಗೆ ಅಂಟಿ ನಿಂತರು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ನನ್ನೆದುರು ನಿಂತಳು. ಮೊಣಕಾಲು ಬಗ್ಗಿಸಿದಳು. ಕಣ್ಣಲ್ಲಿ ಕಣ್ಣಿಟ್ಟಳು. ಎರಡೂ ಕೈ ಚಾಚಿದಳು.

“ಹಿಡೀರಿ,” ಎಂದಳು. “ಆದ್ರ ನನ್ನ ಕೆಡವಿದ್ರ ಸಂಜೀಕ ರೊಟ್ಟಿ ಯಾರ ಬಡೀತಾರ, ಅದನ್ನ ವಿಚಾರ ಮಾಡಿ ಹಿಡೀರಿ.”

ಅಷ್ಟು ಮೆತ್ತಗೆ ನಾನು ಈ ಜನ್ಮದಲ್ಲಿ ಯಾರ ಕೈಯನ್ನೂ ಹಿಡಿದಿಲ್ಲ. ಹಾಡು ಮುಗಿಯುವ ತನಕ ಕುಣಿದೆವು. ಮಾಸ್ತರರು ಬಹಳ ಚೆನ್ನಾಗಿ ಕಲಿಸಿದರು, ಬಾಗಿಲ ಹೊರಗೆ ನಿಂತು.