ನೀರು ತುಂಬಿಸಿ ಕೊಂಡ ದೋಣಿ

ಪರೀಕ್ಷಿಸದೆ ಸಾಮಾನು ಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ತಿರುಗಿಸಿ ಮುರುಗಿಸಿ ನೋಡಿ 'ಓಕೆ' ಮುದ್ರೆ ಒತ್ತುವುದೇ ನನ್ನ ಕೆಲಸ. ನಾನು ಬರುವುದನ್ನು ಕಂಡರೆ ಉಪ್ಪಾರಹಳ್ಳಿಯ ತರಕಾರಿ ಗಾಡಿಯವನು ಬೆಂಡೆಕಾಯಿ ಬುಟ್ಟಿಯನ್ನು ಆಚೆ ಸರಿಸುತ್ತಾನೆ. ಸರಿಸಲಿ. ತುದಿ ಮುರಿಯದೆ ಬೆಂಡೆಕಾಯಿ ಕೊಳ್ಳುವ ಜಾತಿ ನನ್ನದಲ್ಲ.

ಇಂಥ ನಾನು ಹಳೆಯ ದೋಣಿ ಕೊಳ್ಳುತ್ತೇನೆಂದಾಗ ಹೆಂಡತಿ ಗಿರಿಜ ನಕ್ಕಳು. ಗುಬ್ಬಿಯ ಹತ್ತಿರ ಅವಳ ಅಣ್ಣನ ತೋಟದಲ್ಲಿ ದೊಡ್ಡ ಹೊಂಡವಿದೆ. ಭಾನುವಾರ ಅದರಲ್ಲಿ ಒಬ್ಬನೇ ಹುಟ್ಟು ಹಾಕುತ್ತಾ, ಯಾರ ಮಾತೂ ಕೇಳಿಸದಷ್ಟು ದೂರ ಹೋಗಬೇಕೆಂಬುದು ನನ್ನ ಬಹುಕಾಲದ ಆಸೆ. ಹೊಂಡ ಅಷ್ಟು ಉದ್ದವಿಲ್ಲ, ನಿಜ. ಆಸೆಗೆ ಅಳತೆ ಯಾಕೆ?

"ಆಯ್ತು, ನಾನೂ ಬರ್ತೀನಿ. ಒಂದ್ ಸಣ್ಣ ತೂತಿದ್ರೂ ಈ ದೋಣಿ ಹುಚ್ಚು ಅಲ್ಲಿಗೇ ಬಿಡ್ಬೇಕು," ಎಂದಳು.

ಕುಣಿಗಲ್ ಕೆರೆಯ ಕಡೆ ಶಿವಣ್ಣ ಎಂಬವರ ಹಿತ್ತಿಲಲ್ಲಿ ಫೈಬರ್ ದೋಣಿಯೊಂದು ಎರಡು ತೆಂಗಿನ ದಿಮ್ಮಿಗಳ ಮೇಲೆ ಕೂತಿತ್ತು. ಹೆಚ್ಚು ನೀರು ಕಂಡಿರಲಿಲ್ಲವಂತೆ. ಹೊಸ ಬಣ್ಣ ಬಳಿದಿದ್ದರೆ ಕೆಳಗೆ ತೇಪೆ ಇರಬಹುದೆಂದು ಉಗುರಿನಿಂದ ಕೆರೆದು ನೋಡಿದೆ. ಕೂರುವ ಹಲಗೆಯ ಮೇಲೆ ಕುಕ್ಕರಿಸಿದೆ. ಹುಟ್ಟುಗಳನ್ನು ಬಗ್ಗಿಸಿ ನೋಡಿದೆ. ಎಲ್ಲವೂ ಗಟ್ಟಿ.

"ಕೆರೆ ಇಲ್ಲೇ ಐತೆ ಸಾರ್, ಇಳ್ಸಿ ತೋರಿಸ್ಬುಡ್ತೀನಿ," ಎಂದರು ಶಿವಣ್ಣ.

ನಾನು ಒಪ್ಪಲಿಲ್ಲ. ನೀರಿಗಿಳಿಸಿದರೆ ತಳ ಕಾಣುವುದು ಹೇಗೆ? ನಮ್ಮ ಕಡೆ ಬಿಂದಿಗೆ ಕೊಳ್ಳುವ ಹೆಂಗಸರು ಅಂಗಡಿಯಲ್ಲೇ ನೀರು ತುಂಬಿಸಿ, ತಳ ಸವರಿ ನೋಡುತ್ತಾರೆ. ಯಾರೂ ಬಿಂದಿಗೆಯನ್ನು ಬಾವಿಯಲ್ಲಿ ತೇಲಿಸಿ ನೋಡುವುದಿಲ್ಲ. ಶಿವಣ್ಣನವರಿಂದ ಮೋಟರ್ ಹಾಕಿಸಿ ದೋಣಿಯ ಅಂಚಿನ ತನಕ ನೀರು ತುಂಬಿಸಿದೆ. ಬಗ್ಗಿ ತಳವನ್ನೆಲ್ಲ ಸವರಿದೆ. ಒಂದು ಹನಿಯಿಲ್ಲ. ಎದ್ದು ನಿಂತು ಗಿರಿಜಳತ್ತ ಒದ್ದೆಯಾಗದ ಅಂಗೈ ಚಾಚಿದೆ. ಆಗ ದೋಣಿ ನಡುವೆ 'ಪಟ್' ಎಂದು ಬಿರಿಯಿತು. ಮೊಣಕಾಲಿನ ತನಕ ನೆನೆದೆ.

ಶಿವಣ್ಣ ಬಗ್ಗಿ ಬಿರುಕಿನ ಮೇಲೆ ಬೆರಳಾಡಿಸಿದರು. "ನೀರಿನ್ ಮೇಲೆ ಕೂರ್ಬೇಕಾದ್ದು ಸಾರ್ ಅದು. ನೀವು ನೀರನ್ನೇ ತಂದು ಅದ್ರ ಮೇಲೆ ಕೂರ್ಸುದ್ರಲ್ಲ."

ಬಿರಿದದ್ದನ್ನು ಅಲ್ಲೇ ಬಿಟ್ಟು ಬರುವ ಮುಖ ನನಗಿರಲಿಲ್ಲ. ಪೂರ್ತಿ ಬೆಲೆ ಕೊಟ್ಟು ತಂದೆ. ಹೊಂಡದ ಆಸೆ ಹೋಯಿತು. ಆದರೂ ಈಗಲೂ ಹೇಳುತ್ತೇನೆ, ನನ್ನ ಪರೀಕ್ಷೆಯಲ್ಲಿ ತಪ್ಪಿಲ್ಲ. ಒಡೆಯುವ ಗಳಿಗೆಯವರೆಗೆ ಆ ದೋಣಿ ಒಂದು ಹನಿ ಸೋರಲಿಲ್ಲ. ಅಷ್ಟು ಖಾತರಿ ಮಾಡಿಕೊಂಡು ಹಳೆಯ ದೋಣಿ ಕೊಂಡವರು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಬಂದು ನನ್ನೆದುರು ಮಾತಾಡಲಿ.

ಈಗ ಅದು ನಮ್ಮ ತಾರಸಿಯ ಮೇಲಿದೆ. ಗಿರಿಜ ಮಣ್ಣು ತುಂಬಿಸಿ ಮೆಂತ್ಯ ಸೊಪ್ಪು ಬೆಳೆದಿದ್ದಾಳೆ. ಮೊನ್ನೆ ಪಕ್ಕದ ಮನೆಯಾಕೆ ಮೇಲೆ ಬಂದು, "ಇದ್ರಲ್ಲಿ ನೀರು ನಿಂತು ಬೇರು ಕೊಳೆಯಲ್ವಾ?" ಎಂದು ಕೇಳಿದಳು.

ಗಿರಿಜ ಸೊಪ್ಪು ಕೀಳುತ್ತಲೇ ಹೇಳಿದಳು: "ಒಂದ್ ಹನಿ ನಿಲ್ಲಲ್ಲ ಕಣೇ. ನಮ್ಮನೆಯವ್ರು ಖುದ್ದಾಗಿ ಚೆಕ್ ಮಾಡಿ ತಂದಿರೋದು."